ಕಡಲ ಅಲೆಯೂ ನಾಡಿನ ತಾಳ್ಮೆಯೂ

ಸಮುದ್ರದ ಉಬ್ಬರವಿಳಿತವನ್ನು ದುಡಿಸಿಕೊಳ್ಳುವ ವಿದ್ಯೆ ಆಧುನಿಕ ವಿಜ್ಞಾನದ ಕೂಸೆಂದು ನಾವು ಭಾವಿಸುತ್ತೇವೆ. ಆದರೆ ಅದರ ಅತ್ಯಂತ ಹಳೆಯ ಕುರುಹುಗಳಲ್ಲೊಂದು ಕ್ರೈಸ್ತ ಮಠವೊಂದರ ಅಂಗಳದಲ್ಲಿ ದೊರೆತಿದೆ ಎಂದರೆ, ಪ್ರಿಯ ವಾಚಕರೇ, ನಿಮಗೆ ಅಚ್ಚರಿಯಾದೀತು. ಉತ್ತರ ಐರ್ಲೆಂಡಿನ ಸ್ಟ್ರಾಂಗ್‌ಫರ್ಡ್ ಹಿನ್ನೀರಿನ ದ್ವೀಪವೊಂದರಲ್ಲಿ ನೆಂಡ್ರಮ್ ಎಂಬ ಮಠದ ಅವಶೇಷಗಳಿವೆ. ಅಲ್ಲಿ ಅಗೆದ ಪುರಾತತ್ವಜ್ಞರಿಗೆ ಸಮುದ್ರದ ನೀರಿನಿಂದ ತಿರುಗುತ್ತಿದ್ದ ಹಿಟ್ಟಿನ ಗಿರಣಿ ಸಿಕ್ಕಿತು. ಮರದ ತೊಲೆಗಳ ಉಂಗುರಗಳನ್ನು ಎಣಿಸಿ, ಅದು ಕ್ರಿ.ಶ. 619ರ ಸುಮಾರಿನದೆಂದು ನಿರ್ಣಯಿಸಲಾಗಿದೆ. ಉಬ್ಬರದ ಹೊತ್ತಿಗೆ ಕಟ್ಟೆಯೊಳಗೆ ನೀರು ತುಂಬುತ್ತಿತ್ತು. ಕಡಲು ಇಳಿದಾಗ ಆ ನೀರನ್ನು ಹರಿಯಬಿಟ್ಟು ಸನ್ಯಾಸಿಗಳು ಚಕ್ರ ತಿರುಗಿಸುತ್ತಿದ್ದರು. ಪ್ರಾರ್ಥನೆಯ ಗಂಟೆಗಳ ಜೊತೆಗೆ ಕಡಲಿನ ಗಂಟೆಗಳನ್ನೂ ಅರಿತು ಬಾಳಿದವರು ಅವರು.

ಈ ತಾಳ್ಮೆಯ ವಿದ್ಯೆಯನ್ನು ಇಡೀ ರಾಷ್ಟ್ರವೇ ಕೈಗೆತ್ತಿಕೊಂಡಾಗ ಏನಾಗುತ್ತದೆ? ಫ್ರಾನ್ಸ್ ದೇಶವು 1966ರಲ್ಲಿ ರಾನ್ಸ್ ನದಿಯ ಅಳಿವೆಗೆ ಅಡ್ಡಲಾಗಿ 240 ಮೆಗಾವಾಟ್ ಸಾಮರ್ಥ್ಯದ ಉಬ್ಬರ ವಿದ್ಯುತ್ ಸ್ಥಾವರವನ್ನು ಕಟ್ಟಿತು. ಅದು ಇಂದಿಗೂ ದುಡಿಯುತ್ತಿದೆ. ಆದರೆ ಕಟ್ಟುವ ಕಾಲದಲ್ಲಿ ಅಳಿವೆಯನ್ನು ವರ್ಷಗಟ್ಟಲೆ ಮುಚ್ಚಿದ್ದರಿಂದ ಅಲ್ಲಿನ ಜೀವರಾಶಿ ಬಹಳವಾಗಿ ನಾಶವಾಯಿತು ಎಂಬುದನ್ನೂ ಮರೆಯಲಾಗದು.

ಬ್ರಿಟನ್ನಿನ ಕಥೆ ಬೇರೆ. 1973ರ ತೈಲ ಬಿಕ್ಕಟ್ಟು ಆ ದೇಶವನ್ನು ಬೆಚ್ಚಿಬೀಳಿಸಿತು. ಮರುವರ್ಷವೇ ಎಡಿನ್‌ಬರೋ ವಿಶ್ವವಿದ್ಯಾಲಯದ ಸ್ಟೀಫನ್ ಸಾಲ್ಟರ್ ಅವರು ಅಲೆಗಳ ಮೇಲೆ ತಲೆದೂಗುವ ಯಂತ್ರವೊಂದರ ವಿವರಗಳನ್ನು ಪ್ರಕಟಿಸಿದರು. ಜನ ಅದನ್ನು 'ಸಾಲ್ಟರ್ ಬಾತುಕೋಳಿ' ಎಂದೇ ಕರೆದರು. 1976ರಲ್ಲಿ ಸರ್ಕಾರ ಅಲೆಶಕ್ತಿಗಾಗಿ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಗುರಿಯೋ 2000 ಮೆಗಾವಾಟಿನ ಬೃಹತ್ ಸ್ಥಾವರ. ಚಿಕ್ಕದನ್ನು ಕಟ್ಟಿ ಕಲಿಯುವ ಮೊದಲೇ ದೊಡ್ಡದರ ಲೆಕ್ಕ ಹಾಕಲಾಯಿತು. ಆ ಲೆಕ್ಕ ದುಬಾರಿಯಾಗಿ ಕಂಡಿತು; 1982ರಲ್ಲಿ ಕಾರ್ಯಕ್ರಮದ ಬಹುಭಾಗವನ್ನು ನಿಲ್ಲಿಸಲಾಯಿತು. ಇಂಥ ಸಮೃದ್ಧ ಕಡಲಿದ್ದೂ ಸರ್ಕಾರ ಇಷ್ಟು ಕಡಿಮೆ ಬೆಂಬಲ ನೀಡಿತಲ್ಲ ಎಂದು ಅಲ್ಲಿನ ಸಂಸದೀಯ ಸಮಿತಿಯೇ 2001ರಲ್ಲಿ ವಿಷಾದಿಸಿತು.

ಆದರೆ ಆ ವರ್ಷಗಳ ಬಿತ್ತನೆ ಪೂರ್ತಿ ವ್ಯರ್ಥವಾಗಲಿಲ್ಲ. ನೆಂಡ್ರಮ್‌ಗೆ ಹೆಚ್ಚು ದೂರವಲ್ಲದ ಬೆಲ್‌ಫಾಸ್ಟ್ ನಗರದ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಅಲನ್ ವೆಲ್ಸ್ ಎಂಬ ಪ್ರಾಧ್ಯಾಪಕರು ಒಂದು ವಿಶಿಷ್ಟ ಗಾಳಿಚಕ್ರವನ್ನು ರೂಪಿಸಿದರು. ಅಲೆ ಕಾಂಕ್ರೀಟಿನ ಕೋಣೆಯೊಳಗೆ ಏರಿದಾಗ ಗಾಳಿ ಹೊರಗೆ ನುಗ್ಗುತ್ತದೆ, ಇಳಿದಾಗ ಒಳಗೆ ನುಗ್ಗುತ್ತದೆ. ಗಾಳಿ ಯಾವ ಕಡೆಗೆ ಬೀಸಿದರೂ ಈ ಚಕ್ರ ಒಂದೇ ದಿಕ್ಕಿಗೆ ತಿರುಗುತ್ತದೆ. ಇದೇ ಚಕ್ರ ನಮ್ಮ ನೆರೆಯ ಕೇರಳಕ್ಕೂ ಬಂತು.

ತಿರುವನಂತಪುರದ ಸಮೀಪದ ವಿಳಿಂಜಂ ಮೀನುಗಾರರ ಊರು. ಸಂತ ಫ್ರಾನ್ಸಿಸ್ ಜೇವಿಯರ್ ಅವರು 1544ರಲ್ಲಿ ಶುಭಸಂದೇಶ ಸಾರಿದ ತಿರುವಾಂಕೂರು ಕರಾವಳಿಯದು. ಅಲ್ಲಿನ ಮೀನುಗಾರಿಕಾ ಬಂದರಿನ ಅಲೆತಡೆಗೋಡೆಯ ಬಳಿ, ಕೇಂದ್ರದ ಸಾಗರಾಭಿವೃದ್ಧಿ ಇಲಾಖೆಯ ನೆರವಿನಿಂದ ಮದರಾಸಿನ ಐಐಟಿಯ ತಜ್ಞರು ಸುಮಾರು 3000 ಟನ್ ತೂಕದ ಕಾಂಕ್ರೀಟ್ ಪೆಟ್ಟಿಗೆಯನ್ನು 1990ರಲ್ಲಿ ಕಡಲ ತಳದಲ್ಲಿ ಕೂರಿಸಿದರು. 1991ರ ಅಕ್ಟೋಬರಿನಲ್ಲಿ 150 ಕಿಲೋವಾಟ್ ಸಾಮರ್ಥ್ಯದ ಸ್ಥಾವರ ಕಾರ್ಯಾರಂಭಿಸಿತು. ಮಳೆಗಾಲದಲ್ಲಿ ಶಕ್ತಿ ಹೆಚ್ಚು, ಉಳಿದ ತಿಂಗಳುಗಳಲ್ಲಿ ಕಡಿಮೆ. ಏರಿಳಿಯುವ ಈ ವಿದ್ಯುತ್ತನ್ನು ಗ್ರಾಹಕರಿಗೆ ನೆಚ್ಚಿಕೊಳ್ಳುವಂತೆ ಕೊಡುವುದು ಸುಲಭವಿರಲಿಲ್ಲ. ಮುಂದೆ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು ಅದೇ ಶಕ್ತಿಯಿಂದ ಸಮುದ್ರದ ನೀರನ್ನು ಸಿಹಿನೀರಾಗಿಸುವ, ದಿನಕ್ಕೆ 10,000 ಲೀಟರ್ ಸಾಮರ್ಥ್ಯದ ಪ್ರಯೋಗವನ್ನೂ ಮಾಡಿತು. 2011ರಲ್ಲಿ ಸ್ಥಾವರವನ್ನು ಮುಚ್ಚಲಾಯಿತು.

ಇಲ್ಲಿ ನನಗೆ ಪ್ರಭು ಯೇಸು ಹೇಳಿದ ಅಂಜೂರದ ಮರದ ಸಾಮತಿ ನೆನಪಾಗುತ್ತದೆ. ಮೂರು ವರ್ಷ ಕಾದರೂ ಹಣ್ಣು ಕಾಣದ ಯಜಮಾನ ಮರವನ್ನು ಕಡಿಯಲು ಹೇಳುತ್ತಾನೆ. ಅವನ ಪ್ರಶ್ನೆ ಅನ್ಯಾಯದ್ದಲ್ಲ, ನೆಲಕ್ಕೂ ಬೆಲೆಯಿದೆ. ಬಡವರ ತೆರಿಗೆಯ ಹಣವನ್ನು ವ್ಯಯಿಸುವ ಸರ್ಕಾರ ಹಾಗೆ ಕೇಳಲೇಬೇಕು. ಆದರೆ ತೋಟಗಾರ ಬರೀ ಕಾಲಾವಕಾಶ ಬೇಡುವುದಿಲ್ಲ. ಬುಡ ಅಗೆದು ಗೊಬ್ಬರ ಹಾಕುವುದಾಗಿ ಮಾತು ಕೊಡುತ್ತಾನೆ, ಒಂದು ವರ್ಷದ ಗಡುವನ್ನೂ ಒಪ್ಪುತ್ತಾನೆ. ಸುಮ್ಮನೆ ಕಾಯುವುದು ತಾಳ್ಮೆಯಲ್ಲ, ಆರೈಕೆಯೊಡನೆ ಕಾಯುವುದು ತಾಳ್ಮೆ. ರಾಷ್ಟ್ರದ ಕಾರ್ಯನೀತಿ ಎಂದರೆ ಇದೇ ಅಲ್ಲವೇ?

ಬ್ರಿಟನ್ ತಡವಾಗಿಯಾದರೂ ಈ ಪಾಠ ಕಲಿತಂತಿದೆ. 2003ರಲ್ಲಿ ಆರ್ಕ್‌ನಿ ದ್ವೀಪಗಳಲ್ಲಿ ಕಡಲಶಕ್ತಿಯ ಪರೀಕ್ಷಾ ಕೇಂದ್ರ ತೆರೆಯಿತು. 2021ರಲ್ಲಿ ಉಬ್ಬರದ ಹರಿವಿನ ವಿದ್ಯುತ್ತಿಗೆಂದೇ ವರ್ಷಕ್ಕೆ 2 ಕೋಟಿ ಪೌಂಡ್ ಬೆಂಬಲವನ್ನು ಸರ್ಕಾರ ಮೀಸಲಿಟ್ಟಿತು. ನಮ್ಮಲ್ಲಿ 2019ರಲ್ಲಿ ಕೇಂದ್ರ ಸರ್ಕಾರ ಸಾಗರಶಕ್ತಿಯನ್ನು ನವೀಕರಿಸಬಹುದಾದ ಇಂಧನವೆಂದು ಘೋಷಿಸಿತು. ಭಾರತದ ಅಲೆಗಳಲ್ಲಿ ಸುಮಾರು 40,000 ಮೆಗಾವಾಟ್, ಉಬ್ಬರವಿಳಿತದಲ್ಲಿ ಸುಮಾರು 12,500 ಮೆಗಾವಾಟ್ ಅಡಗಿದೆಯೆಂದು ಅಂದಾಜು. ಎಲ್ಲವೂ ದಕ್ಕುವಂಥದ್ದಲ್ಲ. ಉಬ್ಬರದ ಶಕ್ತಿಗೆ ಖಂಭಾತ್ ಮತ್ತು ಕಚ್ ಕೊಲ್ಲಿಗಳು ಹೆಸರಾಗಿವೆ. ನಮ್ಮ ಕರಾವಳಿಯಲ್ಲಿ ಕಡಲಿನ ಏರಿಳಿತ ಒಂದೆರಡು ಮೀಟರಿನಷ್ಟೇ.

ಜಗದ್ಗುರು ಫ್ರಾನ್ಸಿಸ್ ಅವರು 2015ರ 'ಲೌದಾತೊ ಸೀ' ವಿಶ್ವಪತ್ರದಲ್ಲಿ, ಮಾಲಿನ್ಯಕಾರಿ ಇಂಧನಗಳನ್ನು ತಡಮಾಡದೆ ಹಂತಹಂತವಾಗಿ ಬಿಡಬೇಕೆಂದು ಕರೆಕೊಟ್ಟರು. ಭೂಮಿಯ ಕೂಗು ಮತ್ತು ಬಡವರ ಕೂಗು ಎರಡನ್ನೂ ಒಟ್ಟಿಗೆ ಆಲಿಸಿರೆಂದು ಅದೇ ಪತ್ರ ಎಚ್ಚರಿಸುತ್ತದೆ. 2022ರಲ್ಲಿ ಅದೇ ವಿಳಿಂಜಂನ ಮೀನುಗಾರರು, ಹೊಸ ವಾಣಿಜ್ಯ ಬಂದರಿನ ಕಾಮಗಾರಿಯಿಂದ ದಡ ಕೊರೆದುಹೋಗುತ್ತಿದೆ ಎಂದು ತಮ್ಮ ಗುರುಗಳೊಡನೆ ಬೀದಿಗಿಳಿದದ್ದನ್ನು ನೀವು ಓದಿರಬಹುದು. ಕಡಲಿನಿಂದ ನಾಡಿಗೆ ಬೆಳಕು ಬರುವ ದಿನ ಬಂದರೆ ಒಳ್ಳೆಯದೇ. ಆದರೆ ದೋಣಿ ಇಳಿಸುವ ದಡವನ್ನು ಕಳೆದುಕೊಂಡವರ ಮನೆ ಆ ಬೆಳಕಿನಿಂದ ಹೊರಗುಳಿಯಬಾರದು. ಯೋಜನೆಯ ನಕ್ಷೆ ಬರೆಯುವಾಗಲೇ ಅವರನ್ನು ಕರೆದು ಕೂರಿಸಿ ಕೇಳಬೇಕು. ಅದನ್ನು ಒತ್ತಾಯಿಸುವುದು, ಕಡಲು ಕಾಣದ ಒಳನಾಡಿನ ಧರ್ಮಕೇಂದ್ರಗಳಲ್ಲಿ ವಾಸಿಸುವ ನಮ್ಮ ಕರ್ತವ್ಯವೂ ಹೌದು.