ಮುಲ್ಕಿ ಪತ್ರದ ಪೂರ್ವೋತ್ತರ

ಧಾರವಾಡ ಸೀಮೆಯಲ್ಲಿ ಮುಲ್ಕಿ ಎಂಬ ಮಾತಿಗೆ ಬಹುಕಾಲ ಒಂದೇ ಅರ್ಥವಿದ್ದಿತು. ಮುಂಬಯಿ ಸರಕಾರದ ಆಳಿಕೆಯಲ್ಲಿ ಕನ್ನಡ ಏಳನೆಯ ಇಯತ್ತೆಯ ಕೊನೆಗೆ ನಡೆಯುತ್ತಿದ್ದ ಪರೀಕ್ಷೆಯೇ ಮುಲ್ಕಿ. ಅದರಲ್ಲಿ ತೇರ್ಗಡೆಯಾದವನು ಶಾಲಾ ಮಾಸ್ತರನಾಗಬಹುದಾಗಿತ್ತು, ತಲಾಠಿಯಾಗಬಹುದಾಗಿತ್ತು. ಯರಗುಪ್ಪಿಯಂಥ ಎರೆಯ ನೆಲದ ಊರುಗಳಲ್ಲಿ ಮುಲ್ಕಿ ಪಾಸಾದವರೆಂದರೆ ಸರಕಾರದ ಕಾಗದವನ್ನು ಓದಿ ಹೇಳಬಲ್ಲವರು, ನಾಲ್ಕು ಜನ ಕೇಳಿ ನಡೆಯತಕ್ಕವರು.

ಇದೇ ಮಾತು ಕೊಪ್ಪಳ ಯಲಬುರ್ಗೆಗಳ ಗಡಿಯನ್ನು ದಾಟಿದೊಡನೆ ಬೇರೊಂದು ಅರ್ಥವನ್ನು ತಾಳುತ್ತಿದ್ದಿತು. ನಿಜಾಮರ ರಾಜ್ಯದಲ್ಲಿ ಮುಲ್ಕಿ ಎಂದರೆ ಮುಲ್ಕಿನವನು, ಆ ನಾಡಿನವನು, ಉಳಿದವನು ಗೈರಮುಲ್ಕಿ. ಈಚೆಯ ಮುಲ್ಕಿಯು ಓದಿನಿಂದ ದೊರೆಯುವಂಥದು, ಆಚೆಯದು ಹುಟ್ಟಿನಿಂದ ಇಲ್ಲವೆ ವಾಸದಿಂದ ಬರುವಂಥದು. ಮಕ್ಕಳು ಪರದೇಶದಲ್ಲಿ ಶಾಶ್ವತ ನಿವಾಸದ ಕಾರ್ಡಿಗಾಗಿ ಅರ್ಜಿ ಹಾಕಿಕೊಂಡಿರುವ ಮನೆಗಳು ಇಂದು ಈ ಜಿಲ್ಲೆಯಲ್ಲಿ ವಿರಳವಲ್ಲ. ಅಂಥದೇ ಒಂದು ಪತ್ರವು ಕನ್ನಡ ನಾಡಿನ ಒಳಗೆಯೇ, ಗದಗಿನಿಂದ ಒಂದು ಹಗಲಿನ ಬಂಡಿಯ ಹಾದಿ ಮುಗಿಯುವಲ್ಲಿ ಚಲಾವಣೆಯಲ್ಲಿದ್ದಿತೆಂಬುದನ್ನು ಅವರು ಅರಿಯದಿರಬಹುದು.

ಅಂದಿನ ನಕಾಶೆಯನ್ನು ತೆರೆದು ನೋಡಿದರೆ ಈ ಮಾತು ಸ್ಪಷ್ಟವಾಗುವುದು. ಯರಗುಪ್ಪಿಯು ಇಂದು ಸೇರಿರುವ ತಾಲೂಕಿನ ಮುಖ್ಯಸ್ಥಳವಾದ ಕುಂದಗೋಳವು ಜಮಖಂಡಿಯ ಪಟವರ್ಧನರದು, ಶಿರಹಟ್ಟಿಯು ಸಾಂಗಲಿಯದು, ಲಕ್ಷ್ಮೇಶ್ವರವು ಮಿರಜಿನದು, ಸವಣೂರು ನವಾಬರದು, ಹುಬ್ಬಳ್ಳಿ ಧಾರವಾಡಗಳು ಇಂಗ್ಲಿಷರವು, ಮೂಡಲಿಗೆ ಸಾಲಾರಜಂಗರ ಜಹಗೀರಾದ ಕೊಪ್ಪಳವು ನಿಜಾಮರ ಛತ್ರದ ಕೆಳಗಿನದು. ಹೆಣ್ಣು ಕೊಟ್ಟು ತರುವುದಕ್ಕೂ ಸಂತೆ ಜಾತ್ರೆಗಳಿಗೂ ಈ ಗೆರೆಗಳಾವುವೂ ಅಡ್ಡ ಬರುತ್ತಿರಲಿಲ್ಲ. ಅಡ್ಡ ಬರುತ್ತಿದ್ದುದು ನೌಕರಿಯ ಪ್ರಶ್ನೆಯು ಎದ್ದಾಗ.

ಹೈದರಾಬಾದಿನಲ್ಲಿ ಆ ಪ್ರಶ್ನೆಯು ಏಳುವುದಕ್ಕೆ ಬಲವಾದ ಕಾರಣವಿದ್ದಿತು. ೧೮೫೩ರಿಂದ ೧೮೮೩ರ ವರೆಗೆ ದಿವಾನಗಿರಿ ನಡೆಯಿಸಿದ ಮೊದಲನೆಯ ಸಾಲಾರಜಂಗರು ಆಡಳಿತವನ್ನು ಹೊಸದಾಗಿ ಕಟ್ಟುವಾಗ ಉತ್ತರ ಹಿಂದುಸ್ಥಾನದಿಂದಲೂ ಇತರ ಪ್ರಾಂತಗಳಿಂದಲೂ ಪಳಗಿದ ಅಧಿಕಾರಿಗಳನ್ನು ಕರೆಯಿಸಿಕೊಂಡರು. ಆಡಳಿತವೇನೋ ಸುಧಾರಿಸಿತು. ಆದರೆ ಬಂದವರ ಹಿಂದೆ ಅವರ ನೆಂಟರಿಷ್ಟರೂ ಬಂದರು. ಊರವರು ಕಚೇರಿಯ ಹೊರಗೆ ಉಳಿದರು. ಈ ಅಸಮಾಧಾನವು ಬೆಳೆಯುತ್ತ ಹೋಗಿ, ಕೊನೆಗೆ ೧೯೧೯ರಲ್ಲಿ ಮೀರ್ ಉಸ್ಮಾನ್ ಅಲಿಖಾನರ ಫರ್ಮಾನಿನಿಂದ ಮುಲ್ಕಿ ನಿಯಮಗಳು ಖಚಿತವಾದ ರೂಪವನ್ನು ಪಡೆದವು. ಹುಟ್ಟಿನಿಂದಲೇ ರಾಜ್ಯದ ಪ್ರಜೆಯಾದವನು ಮುಲ್ಕಿ. ತಂದೆಯು ಹದಿನೈದು ವರ್ಷ ಸರಕಾರಿ ಚಾಕರಿಯನ್ನು ಪೂರೈಸಿದ್ದು ಆ ಚಾಕರಿಯಲ್ಲಿರುವಾಗಲೇ ಹುಟ್ಟಿದವನು ಮುಲ್ಕಿ. ಮುಲ್ಕಿಯ ಹೆಂಡತಿಯೂ ಮುಲ್ಕಿ. ಇವುಗಳೆಲ್ಲಕ್ಕಿಂತ ವಿಚಾರಾರ್ಹವಾದುದು ವಾಸದಿಂದ ಮುಲ್ಕಿಯಾಗುವ ಬಗೆ. ಹದಿನೈದು ವರ್ಷ ಆ ರಾಜ್ಯದಲ್ಲಿ ಶಾಶ್ವತವಾಗಿ ವಾಸಿಸಿದ್ದರೆ ಸಾಲದು. ಮೊದಲಿದ್ದ ಊರಿಗೆ ಹಿಂದಿರುಗುವ ವಿಚಾರವನ್ನೇ ಬಿಟ್ಟಿರಬೇಕು. ಹಾಗೆ ಬಿಟ್ಟುದಾಗಿ ಗೊತ್ತುಮಾಡಿದ ನಮೂನೆಯಲ್ಲಿ ಪ್ರತಿಜ್ಞಾಪತ್ರ ಬರೆದು ಮ್ಯಾಜಿಸ್ಟ್ರೇಟರ ಸಹಿ ಪಡೆಯಬೇಕು.

ಹದಿನೈದು ವರ್ಷದ ಲೆಕ್ಕವನ್ನು ಕಚೇರಿಯ ಕಾರಕೂನನೂ ಹಾಕಬಲ್ಲನು. ಆದರೆ ಹಿಂದಿರುಗುವ ವಿಚಾರವನ್ನು ಬಿಟ್ಟೆನೆಂಬುದಕ್ಕೆ ಸಾಕ್ಷಿ ಯಾರು? ಕುಂದಗೋಳದ ಕಡೆಯವನೊಬ್ಬನು ರಾಯಚೂರಿನಲ್ಲಿ ನೆಲೆಸಿ ಈ ಪತ್ರಕ್ಕೆ ಸಹಿ ಹಾಕಬೇಕಾದರೆ, ಅಣ್ಣತಮ್ಮಂದಿರ ಪಾಲಿನಲ್ಲಿರುವ ಹೊಲವನ್ನೂ ಮನೆದೇವರ ಜಾತ್ರೆಯನ್ನೂ ಮನಸ್ಸಿನಿಂದ ಕಿತ್ತೊಗೆದೆನೆಂದು ಆಣೆ ಮಾಡಿದಂತಾಗುವುದಷ್ಟೆ. ಕಾಯಿದೆಯು ಇಲ್ಲಿ ಮನುಷ್ಯನ ಕಾಲನ್ನು ಬಿಟ್ಟು ಮನಸ್ಸನ್ನು ಅಳೆಯಹೊರಟಿತು. ಇದು ಹೈದರಾಬಾದಿನ ವೈಚಿತ್ರ್ಯವೊಂದೇ ಎಂದು ನಗಲು ಆಸ್ಪದವಿಲ್ಲ. ಅಮೆರಿಕೆಯಲ್ಲಿ ಶಾಶ್ವತ ನಿವಾಸಿಗಳಿಗೆ ಕೊಡುವ, ಜನರು ಹಸುರು ಕಾರ್ಡೆಂದು ಕರೆಯುವ ಪತ್ರಕ್ಕೆ ಸಾಮಾನ್ಯವಾಗಿ ಹತ್ತು ವರ್ಷದ ಅವಧಿಯುಂಟು. ಅವಧಿ ತೀರಿದರೆ ಕಾರ್ಡನ್ನು ಹೊಸದು ಮಾಡಿಸಿಕೊಳ್ಳಬೇಕು. ಹಕ್ಕು ಅಷ್ಟರಿಂದಲೇ ಅಳಿಯದು. ಆದರೆ ಅಲ್ಲಿಯ ವಾಸವನ್ನು ಬಿಟ್ಟುಕೊಟ್ಟನೆಂದು ಕಂಡುಬಂದರೆ, ಅವಧಿ ಉಳಿದಿದ್ದರೂ ಹಕ್ಕು ಹೋಗುವುದು. ೧೯೪೬ರ ಕಾಯಿದೆಯಂತೆ ಆ ದೇಶವು ವರ್ಷಕ್ಕೆ ನೂರು ಹಿಂದುಸ್ಥಾನಿಗಳನ್ನು ಮಾತ್ರ ನೆಲೆಸಗೊಡುತ್ತಿದ್ದಿತು. ೧೯೬೫ರ ಕಾಯಿದೆಯ ತರುವಾಯ ಬಾಗಿಲು ಅಗಲವಾಯಿತು. ಎರಡೂ ಕಡೆ ಸರಕಾರದ ಪ್ರಶ್ನೆಯು ಒಂದೇ: ನಿನ್ನ ಮನೆ ಯಾವುದು?

ಇನ್ನು, ಹುಟ್ಟಿನಿಂದಲೇ ಮುಲ್ಕಿಗಳಾದ ಗುಲಬರ್ಗಾ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡಿಗರಿಗೆ ಇದರಿಂದಾದ ಲಾಭವೆಷ್ಟು? ಹೆಚ್ಚಿಲ್ಲವೆಂದೇ ಹೇಳಬೇಕು. ಕಚೇರಿಯ ಭಾಷೆಯು ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ಮನೆಯಲ್ಲಿ ಕನ್ನಡವನ್ನಾಡುವ ಹುಡುಗನು ನೆಲದ ಹಕ್ಕಿನಿಂದ ಮುಲ್ಕಿಯಾಗಿಯೂ ನಾಲಿಗೆಯ ದೆಸೆಯಿಂದ ಗೈರಮುಲ್ಕಿಯಂತೆಯೇ ಇದ್ದನು.

೧೯೪೭-೪೮ರಲ್ಲಿ ರಜಾಕಾರರ ಹಾವಳಿ ಮಿತಿಮೀರಿದಾಗ ಯಾರ ಬಳಿ ಯಾವ ಪತ್ರವಿದೆಯೆಂದು ಯಾರೂ ಕೇಳಲಿಲ್ಲ. ಆಚೆಯ ಊರುಗಳವರು ಗಡಿ ದಾಟಿ ಈಚೆಗೆ ಬಂದರು. ಮುಂಡರಗಿ ಗಜೇಂದ್ರಗಡಗಳಲ್ಲಿ ಹೋರಾಟದ ಶಿಬಿರಗಳು ನಿಂತವು. ೧೯೪೮ರ ಮಾರ್ಚ ೮ರಂದು ಜಮಖಂಡಿ ಮೊದಲಾದ ದಕ್ಷಿಣದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು; ಸಪ್ಟೆಂಬರ ೧೭ರಂದು ಹೈದರಾಬಾದು ಶರಣಾಯಿತು.

ಮುಲ್ಕಿ ನಿಯಮಗಳು ಮಾತ್ರ ಅಷ್ಟಕ್ಕೇ ಅಳಿಯಲಿಲ್ಲ. ೧೯೫೦ರ ಸಂವಿಧಾನವು ವಾಸಸ್ಥಳದ ಕಾರಣದಿಂದ ಸರಕಾರಿ ಉದ್ಯೋಗದಲ್ಲಿ ಭೇದವೆಣಿಸಬಾರದೆಂದು ೧೬ನೆಯ ಅನುಚ್ಛೇದದಲ್ಲಿ ವಿಧಿಸಿತು. ಹಾಗೆಯೇ ವಾಸದ ನಿಯಮವನ್ನು ಮಾಡುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟು, ಅಲ್ಲಿಯವರೆಗೆ ಹಳೆಯ ನಿಯಮಗಳನ್ನು ಇರಗೊಟ್ಟಿತು. ೧೯೫೨ರಲ್ಲಿ ಹೈದರಾಬಾದು ನಗರದಲ್ಲಿ ಮುಲ್ಕಿ ಚಳವಳಿಯು ಎದ್ದು ಗೋಲೀಬಾರಿನಲ್ಲಿ ಜೀವಗಳು ಹೋದವು. ೧೯೫೬ರ ನವೆಂಬರ ೧ರಂದು ಆ ರಾಜ್ಯವು ಮೂರು ಪಾಲಾಗಿ ಕನ್ನಡದ ಮೂರು ಜಿಲ್ಲೆಗಳು ಮೈಸೂರಿಗೆ ಬಂದವು.

ಇತಿಹಾಸಕಾರರು ಸಾಕಷ್ಟು ಲಕ್ಷ್ಯಗೊಡದ ಸಂಗತಿಯು ಇದರ ಮುಂದಿನದು. ಸಂಸತ್ತು ೧೯೫೭ರಲ್ಲಿ ಮಾಡಿದ ಕಾಯಿದೆಯು ೧೯೫೯ರ ಮಾರ್ಚದಲ್ಲಿ ಜಾರಿಗೆ ಬಂದು, ನೌಕರಿಗೆ ವಾಸದ ನಿರ್ಬಂಧಗಳನ್ನು ತೆಗೆದುಹಾಕಿತು. ತೆಲಂಗಾಣ, ಹಿಮಾಚಲ, ಮಣಿಪುರ, ತ್ರಿಪುರಗಳಿಗೆ ಮಾತ್ರ ಅಪವಾದವನ್ನು ಇರಿಸಿತು. ಆ ಪಟ್ಟಿಯಲ್ಲಿ ಗುಲಬರ್ಗೆಯಿಲ್ಲ, ಬೀದರವಿಲ್ಲ, ರಾಯಚೂರಿಲ್ಲ. ಒಂದೇ ಫರ್ಮಾನಿನ ಆಸರೆಯಲ್ಲಿದ್ದ ನೆರೆಹೊರೆಯವರಲ್ಲಿ ತೆಲುಗರಿಗೆ ಆಸರೆ ಉಳಿಯಿತು, ಕನ್ನಡಿಗರಿಗೆ ತಪ್ಪಿತು. ತೆಲಂಗಾಣದಲ್ಲಿ ಈ ನಿಯಮಗಳಿಗಾಗಿ ೧೯೬೯ರಲ್ಲಿ ದೊಡ್ಡ ಚಳವಳಿ ನಡೆಯಿತು; ೧೯೭೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವುಗಳನ್ನು ಎತ್ತಿಹಿಡಿಯಿತು; ೧೯೭೩ರಲ್ಲಿ ಅವು ರದ್ದಾದವು. ಕನ್ನಡದ ಜಿಲ್ಲೆಗಳಲ್ಲಿ ಮುಲ್ಕಿ ಪತ್ರವು ಸದ್ದಿಲ್ಲದೆ ಪೆಟ್ಟಿಗೆಯ ತಳ ಸೇರಿತು.

ಅರ್ಧ ಶತಮಾನದ ಮೇಲೆ ಅದು ಬೇರೆ ಹೆಸರಿನಿಂದ ಮರಳಿ ಬಂದಿತು. ರಾಜ್ಯದ ಅತ್ಯಂತ ಹಿಂದುಳಿದ ೩೯ ತಾಲೂಕುಗಳಲ್ಲಿ ೨೧ ಗುಲಬರ್ಗಾ ವಿಭಾಗದವೆಂದು ನಂಜುಂಡಪ್ಪ ಸಮಿತಿಯು ೨೦೦೨ರಲ್ಲಿ ಎತ್ತಿ ತೋರಿಸಿತು. ವೈಜನಾಥ ಪಾಟೀಲ ಮೊದಲಾದವರ ದೀರ್ಘ ಹೋರಾಟದ ಫಲವಾಗಿ ಸಂವಿಧಾನದ ೯೮ನೆಯ ತಿದ್ದುಪಡಿಯಿಂದ ೩೭೧ಜೆ ಅನುಚ್ಛೇದವು ಸೇರಿ, ೨೦೧೩ರ ಅಕ್ಟೋಬರ ೧ರಿಂದ ಜಾರಿಗೆ ಬಂದಿತು. ಆ ಭಾಗದ ಸ್ಥಳೀಯ ಹುದ್ದೆಗಳಲ್ಲಿ ಮೇಲಿನ ದರ್ಜೆಗಳಲ್ಲಿ ನೂರಕ್ಕೆ ೭೫, 'ಸಿ' ದರ್ಜೆಯಲ್ಲಿ ೮೦, 'ಡಿ' ದರ್ಜೆಯಲ್ಲಿ ೮೫ ಅಲ್ಲಿಯವರಿಗೆ ಮೀಸಲು. ಹುಟ್ಟಿನಿಂದಾಗಲಿ ವಾಸದಿಂದಾಗಲಿ ತಾನು ಅಲ್ಲಿಯವನೆಂಬುದಕ್ಕೆ ಉಪವಿಭಾಗದ ಸಹಾಯಕ ಕಮಿಶನರರು ಅರ್ಹತಾ ಪತ್ರವನ್ನು ಕೊಡುವರು. ಹದಿನೈದು ವರ್ಷದ ಬದಲು ಈಗ ಹತ್ತು. ಹಳೆಯ ಊರನ್ನು ಮನಸ್ಸಿನಿಂದ ಬಿಟ್ಟೆಯೋ ಎಂದು ಯಾರೂ ಕೇಳರು. ಇದೊಂದು ಸುಧಾರಣೆಯೇ ಸರಿ.

ಆದರೂ ಗೆರೆ ಗೆರೆಯೇ. ಮದ್ರಾಸಿನ ಆಳಿಕೆಯಲ್ಲಿದ್ದು ೧೯೫೩ರಲ್ಲಿ ಮೈಸೂರಿಗೆ ಸೇರಿದ ಬಳ್ಳಾರಿಯು ನಿಜಾಮರ ಮುಲ್ಕಿನದಲ್ಲವಾದರೂ ಈ ಹೊಸ ಏರ್ಪಾಡಿನ ಒಳಗಿದೆ. ನಿಜಾಮರ ಪ್ರಜೆಗಳಿಗೆ ೧೯೪೮ರಲ್ಲಿ ಆಸರೆ ಕೊಟ್ಟ ಮುಂಡರಗಿಯು ೧೯೯೭ರ ವರೆಗೆ ಧಾರವಾಡ ಜಿಲ್ಲೆಯಲ್ಲಿದ್ದು ಈಗ ಗದಗ ಜಿಲ್ಲೆಯಲ್ಲಿದ್ದರೂ ಹೊರಗೆಯೇ ಉಳಿದಿದೆ. ಅಂದು ದಾಟಿ ಬಂದವರಲ್ಲಿ ಗಲಭೆ ಅಡಗಿದ ಮೇಲೆ ತಮ್ಮ ಊರಿಗೆ ಮರಳಿದವರ ಮೊಮ್ಮಕ್ಕಳು ಕೊಪ್ಪಳದ ಕಚೇರಿಯಲ್ಲಿ ಅರ್ಜಿ ಕೊಟ್ಟು ಪತ್ರ ಪಡೆಯುವರು. ಹಾಗೆ ಮರಳದೆ ಈಚೆಯ ಎರೆಹೊಲಗಳಲ್ಲಿಯೇ ಬೇರೂರಿದ ಮನೆತನಗಳ ಮಕ್ಕಳಿಗೆ, ಯರಗುಪ್ಪಿಯವರಿಗೆ ದೊರೆಯುವಂತೆಯೇ, ನಾಡಕಚೇರಿಯ ವಾಸಸ್ಥಳದ ಪತ್ರವು ದೊರೆಯುವುದು.