ಇದ್ದಿಲು ತಿಂದ ಫೋರ್ಡು

ಅರವತ್ತೈದು ದಾಟಿದ ಮನುಷ್ಯನೊಬ್ಬ ಗೇಣುದ್ದದ ಪ್ಲಾಸ್ಟಿಕ್ ಮೋಟಾರೊಂದನ್ನು ಮೇಜಿನ ಮೇಲಿಟ್ಟುಕೊಂಡು, ಕಣ್ಣಿಗೆ ಭೂತಗನ್ನಡಿ ಹಿಡಿದು, ಅದರ ಬಾಗಿಲನ್ನು ಸಣ್ಣ ಗರಗಸದಿಂದ ಕೊಯ್ಯುತ್ತ ಕುಳಿತಿದ್ದರೆ ನೋಡಿದವರು ಏನೆಂದುಕೊಂಡಾರು? ನಮ್ಮ ಮನೆಯವರು ಅಂದುಕೊಂಡದ್ದೂ ಅದನ್ನೇ. ಮೊಮ್ಮಗನಂತೂ, “ಅಜ್ಜ, ಚೆನ್ನಾಗಿದ್ದ ಕಾರನ್ನು ಯಾಕೆ ಮುರೀತೀಯ?” ಎಂದು ಕೇಳಿಯೇಬಿಟ್ಟ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳಹೊರಟರೆ ಒಂದು ಯುದ್ಧದ ಕಥೆಯನ್ನೂ, ಮುಳುಗಿಹೋದ ಒಂದು ರಸ್ತೆಯ ಕಥೆಯನ್ನೂ ಹೇಳಬೇಕಾಗುತ್ತದೆ.

ರಸ್ತೆಯಿಂದಲೇ ಆರಂಭಿಸುತ್ತೇನೆ. ಸಾಗರದಿಂದ ತಾಳಗುಪ್ಪದ ಕಡೆಗೆ ಹೊರಟು, ಹೆದ್ದಾರಿಯನ್ನು ಬಿಟ್ಟು ಕಾಡಿನೊಳಕ್ಕೆ ತಿರುಗಿದರೆ ಹೊನ್ನೆಮರಡು ಸಿಕ್ಕುತ್ತದೆ. ಈಗ ಅದು ದೋಣಿ ನಡೆಸಲು, ಈಜಲು ಬರುವ ಪೇಟೆಯ ಹುಡುಗರ ಊರು. ಅವರ ಕಣ್ಣಿಗೆ ಬೀಳುವುದು ನೀರು ಮಾತ್ರ. ಶರಾವತಿಗೆ ಹಿರೇಭಾಸ್ಕರದ ಅಣೆಕಟ್ಟು 1948ರ ಹೊತ್ತಿಗೆ ಬಂದಿತು. ಅದನ್ನೂ ನುಂಗಿಕೊಂಡು ಲಿಂಗನಮಕ್ಕಿಯ ನೀರು 1964ರಲ್ಲಿ ಮೇಲೇರಿತು. ಜಲಾಶಯ ತುಂಬಿದಾಗ ನೀರು ನಿಲ್ಲುವುದು 1,819 ಅಡಿಯ ಮಟ್ಟಕ್ಕೆ. ಮಳೆ ಕೈಕೊಟ್ಟ ವರ್ಷದ ಬೇಸಿಗೆಯಲ್ಲಿ ಆ ಮಟ್ಟ ಇಳಿಯುತ್ತ ಹೋದಂತೆ ಮರದ ಬೊಡ್ಡೆಗಳು, ಗದ್ದೆಯ ಬದುಗಳು, ಹಳೆಯ ಜಾಡುಗಳು ಒಂದೊಂದಾಗಿ ತಲೆಯೆತ್ತುತ್ತವೆ. ಹಿರೇಭಾಸ್ಕರದ ಕಟ್ಟೆಯೂ ಎದ್ದು ನಿಲ್ಲುತ್ತದೆ. ಆ ಜಾಡುಗಳಲ್ಲೊಂದರ ಮೇಲೆ, ಹೊನ್ನೆಮರಡಿನ ತಗ್ಗಿನಲ್ಲಿ, ನಮ್ಮ ಅಜ್ಜನ ಫೋರ್ಡ್ ಮೋಟಾರು ಓಡುತ್ತಿತ್ತು.

ಮೋಟಾರೂ ಹೋಯಿತು, ಮನೆಯೂ ಮುಳುಗಿತು. ಉಳಿದದ್ದು ಅಂಗೈಯಗಲದ ಒಂದು ಛಾಯಾಚಿತ್ರ. ಕಾರಿನ ಮುಂಭಾಗ ಮತ್ತು ಬಲಮಗ್ಗುಲು ಅದರಲ್ಲಿ ಕಾಣುತ್ತವೆ. ಬಲಮಗ್ಗುಲಿಗೆ ಒತ್ತಿಕೊಂಡಂತೆ ಅಜ್ಜ, ಅಜ್ಜಿ, ನಮ್ಮ ತಂದೆ, ಎರಡು ಜಡೆಯ ಒಬ್ಬ ಹುಡುಗಿ ನಿಂತಿದ್ದಾರೆ. ಹುಡುಗಿ ನಮ್ಮ ದೊಡ್ಡತ್ತೆ. ಹಿಂಬದಿಯಲ್ಲಿ ಅಜ್ಜನ ಅಕ್ಷರದಲ್ಲಿ ‘ಚಿತ್ರಭಾನು ಸಂವತ್ಸರದ ಫಾಲ್ಗುಣ’ ಎಂದಿದೆ. ಅಂದರೆ 1943ರ ಮಾರ್ಚಿನ ಸುಮಾರು.

ಮಗಳು ಅಮೆರಿಕದಿಂದ ಬರುವಾಗ ತಂದುಕೊಟ್ಟ ಕಿಟ್ಟಿನ ಪೆಟ್ಟಿಗೆಯ ಮೇಲೆ 1931ರ ಫೋರ್ಡ್ ‘ಎ’ ಮಾದರಿಯ ಚಿತ್ರವನ್ನು ಕಂಡಾಗ ಈ ಛಾಯಾಚಿತ್ರ ನೆನಪಾಯಿತು. ಕಾರಿನ ಹದಿನಾರರಲ್ಲೊಂದು ಪಾಲಿನ ಅಳತೆ. ಪ್ಲಾಸ್ಟಿಕ್ ಬಿಡಿಭಾಗಗಳನ್ನು ಚೌಕಟ್ಟಿನಿಂದ ಕಿತ್ತು, ಅಂಟು ಹಾಕಿ, ಬಣ್ಣ ಬಳಿದರೆ ಕಾರು ಸಿದ್ಧ. ಪಶ್ಚಿಮದ ದೇಶಗಳಲ್ಲಿ ಇದು ದೊಡ್ಡವರ ಹವ್ಯಾಸ. 1960ರ ದಶಕದಲ್ಲಿ ಇಟಲಿಯ ಪೋಚರ್ ಎಂಬ ಸಂಸ್ಥೆ ಎಂಟರಲ್ಲೊಂದರ ಅಳತೆಯ ಕಿಟ್ಟುಗಳನ್ನು ತರಲಾರಂಭಿಸಿತು. ರೋಲ್ಸ್‌ರಾಯ್ಸ್ ಕೂಡ ಅವುಗಳಲ್ಲಿ ಸೇರಿತು. 1971ರಲ್ಲಿ ಇಂಗ್ಲೆಂಡಿನ ಏರ್‌ಫಿಕ್ಸ್ ಸಂಸ್ಥೆ ಹನ್ನೆರಡರಲ್ಲೊಂದರ ಬೆಂಟ್ಲಿಯನ್ನು ತಂದಿತು. ಇವೆಲ್ಲ ಶ್ರೀಮಂತರ ಕಾರುಗಳು. ಅದೂ ಕಾರ್ಖಾನೆಯ ಬಾಗಿಲಿನಿಂದ ಹೊರಬಿದ್ದ ದಿನದ ಹೊಳಪಿನಲ್ಲಿ. ಆಮೇಲೆ ಅವು ಯಾರ ಕೈಗೆ ಸಿಕ್ಕಿ ಏನೇನಾದವೆಂಬ ಗೊಡವೆ ಕಿಟ್ಟಿಗಿಲ್ಲ.

ನನಗೆ ಬೇಕಾಗಿದ್ದುದು ಆ ಗೊಡವೆಯೇ. ಹೋಲಿಸಿ ನೋಡಿದರೆ ಕಿಟ್ಟಿಗೂ ಅಜ್ಜನ ಗಾಡಿಗೂ ಮೂರು ದೊಡ್ಡ ವ್ಯತ್ಯಾಸಗಳಿದ್ದವು. ಕಿಟ್ಟಿನದು ಇಬ್ಬರು ಕೂರುವ, ಎರಡು ಬಾಗಿಲಿನ ಕಾರು. ನಮ್ಮದು ನಾಲ್ಕು ಬಾಗಿಲಿನ, ಬಟ್ಟೆಯ ಮಡಿಕೆ ಹೊದಿಕೆಯ ತೆರೆದ ಕಾರು. ಕಿಟ್ಟಿನ ಚಕ್ರಪಾಣಿ ಎಡಕ್ಕೆ, ನಮ್ಮದು ಬಲಕ್ಕೆ. ಮೂರನೆಯದನ್ನು ಮುಂದೆ ಹೇಳುತ್ತೇನೆ.

ಬಲಗೈ ಫೋರ್ಡು ಈ ಕಡೆಗೆ ಬಂದ ದಾರಿ ಸ್ವಾರಸ್ಯವಾದುದು. ಬ್ರಿಟಿಷ್ ಸಾಮ್ರಾಜ್ಯದ ದೇಶಗಳಿಗೆ ಫೋರ್ಡ್ ಕಾರುಗಳನ್ನು ಒದಗಿಸುತ್ತಿದ್ದುದು ಅಮೆರಿಕದ ಮೂಲ ಕಂಪನಿಯಲ್ಲ, ಕೆನಡಾದ ಶಾಖೆ. ಅದು 1926ರಲ್ಲಿ ಇಂಡಿಯಾದಲ್ಲಿ ತನ್ನ ಅಂಗಸಂಸ್ಥೆಯನ್ನು ತೆರೆಯಿತು. 1928ರಲ್ಲಿ ಜನರಲ್ ಮೋಟರ್ಸ್‌ನವರು ಮುಂಬಯಿಯ ಶಿವಡಿಯಲ್ಲಿ ಷೆವ್ರೊಲೆಗಳನ್ನು ಜೋಡಿಸತೊಡಗಿದರು. ಪೆಟ್ಟಿಗೆಗಳಲ್ಲಿ ಬಿಡಿಭಾಗಗಳು ಬರುವುದು, ಇಲ್ಲಿನ ಕೈಗಳು ಅವನ್ನು ಕೂಡಿಸುವುದು: ನಾನು ಮೇಜಿನ ಮೇಲೆ ಮಾಡುತ್ತಿರುವ ಕೆಲಸವೇ ಅಲ್ಲವೆ? ಇಂಡಿಯಾದಲ್ಲಿಯೇ ಮೋಟಾರು ತಯಾರಾಗಬೇಕೆಂದು ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯೋಜನೆ ಹಾಕಿಕೊಂಡು ದೇಶವಿದೇಶ ಸುತ್ತಿದರು. ಅದು ಕೈಗೂಡಲಿಲ್ಲ. ಕೈಗೂಡಿದ್ದರೆ ನಮ್ಮ ಅಜ್ಜ ಯಾವ ಗಾಡಿ ಕೊಳ್ಳುತ್ತಿದ್ದರೋ! ಅವರು ಕೊಂಡದ್ದು ಬೇರೊಬ್ಬರು ಓಡಿಸಿ ಬಿಟ್ಟ ಫೋರ್ಡು, ಅದೂ ಅಡಿಕೆಗೆ ಒಳ್ಳೆಯ ಬೆಲೆ ಬಂದ ಒಂದು ವರ್ಷ.

ಕೆಲಸ ಆರಂಭಿಸಿದೆ. ‘ಎ’ ಮಾದರಿಯ ಕಾರುಗಳೆಲ್ಲಕ್ಕೂ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ನೂರಮೂರೂವರೆ ಇಂಚು. ಮೈಕಟ್ಟು ಯಾವುದಾದರೂ ಅಡಿಗಟ್ಟು ಒಂದೇ. ನನ್ನ ಅಳತೆಗೆ ಇಳಿಸಿದರೆ ಆರೂವರೆ ಇಂಚಿಗೆ ಕೂದಲೆಳೆ ಕಡಮೆ. ಆದ್ದರಿಂದ ಅಡಿಗಟ್ಟನ್ನು ಹಾಗೆಯೇ ಬಿಟ್ಟು, ಗಾಜಿನಿಂದ ಹಿಂದಕ್ಕಿದ್ದ ಮೈಯನ್ನೆಲ್ಲ ಕೊಯ್ದು ತೆಗೆದೆ. ಮೊಮ್ಮಗ ನೋಡಿ ನೊಂದುಕೊಂಡದ್ದು ಈ ಘಟ್ಟವನ್ನು. ಬಾಗಿಲುಗಳನ್ನು ತೆಳುವಾದ ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿಕೊಂಡೆ. ಬೆನ್ನಿನ ಭಾಗ ಎರಡು ದಿಕ್ಕಿಗೂ ಬಾಗಿರುವುದರಿಂದ ಹಾಳೆಯನ್ನು ಬಗ್ಗಿಸಿ ಮಾಡಲಾಗುವುದಿಲ್ಲ. ಹತ್ತು ಸಲ ಕೆಡಿಸಿದ ಮೇಲೆ ಸಾಗರದ ಗುಡಿಗಾರ ಗೆಳೆಯರೊಬ್ಬರಲ್ಲಿಗೆ ಹೋದೆ. ಗಂಧದ ಮರದಲ್ಲಿ ಬಳ್ಳಿ ಬಿಡಿಸಿ ಪಳಗಿದ ಕೈ. ಛಾಯಾಚಿತ್ರವನ್ನು ಐದು ನಿಮಿಷ ದಿಟ್ಟಿಸಿ ನೋಡಿ, ಶಿವನೆ ಮರದ ತುಂಡಿನಲ್ಲಿ ಆ ಬಾಗನ್ನು ಕೆತ್ತಿಕೊಟ್ಟರು, ಅಳತೆಗೋಲನ್ನು ಮುಟ್ಟಲಿಲ್ಲ. ಹಾಳೆಯನ್ನು ಕೆಂಡದ ಮೇಲೆ ಮೆತ್ತಗಾಗುವಷ್ಟು ಕಾಯಿಸಿ ಆ ಅಚ್ಚಿನ ಮೇಲೆ ಒತ್ತಿದೆ. ಮನೆಗೆ ಬಂದು ಅಳೆದು ನೋಡಿದರೆ ಎಳ್ಳಷ್ಟೂ ತಪ್ಪಿಲ್ಲ.

ಹೊದಿಕೆಗೆ ನಿಜವಾದ ಬಟ್ಟೆ ಹಾಕಿದರೆ ಈ ಅಳತೆಯಲ್ಲಿ ಕಂಬಳಿಯಂತೆ ಕಾಣುತ್ತದೆ. ತೆಳು ಕಾಗದವನ್ನು ಅಂಟಿನಲ್ಲಿ ನೆನೆಸಿ ಹಿತ್ತಾಳೆ ತಂತಿಯ ಕಮಾನಿನ ಮೇಲೆ ಹೊದಿಸಿದೆ. ಚಕ್ರಪಾಣಿಯನ್ನು ಬಲಕ್ಕೆ ಸಾಗಿಸುವಾಗ ಫೋರ್ಡ್ ಕಂಪನಿಯವರ ಜಾಣತನ ಕಂಡು ಬೆರಗಾದೆ. ಆ ಕಾರಿನಲ್ಲಿ ಪೆಟ್ರೋಲಿನ ತೊಟ್ಟಿ ಇರುವುದು ಗಾಜಿನ ಮುಂದೆಯೇ, ಚಾಲಕನ ಮೊಣಕಾಲಿನ ಎದುರಿಗೆ. ಎಣ್ಣೆ ತಾನಾಗಿಯೇ ಇಳಿದು ಇಂಜಿನ್ನಿಗೆ ಹೋಗುತ್ತದೆ, ಪಂಪಿನ ಹಂಗಿಲ್ಲ. ಅಳತೆಯ ಮುಳ್ಳುಗಳೆಲ್ಲ ಆ ತೊಟ್ಟಿಯ ನಟ್ಟನಡುವೆ ಕುಳಿತಿವೆ. ಚಾಲಕ ಎಡಕ್ಕೆ ಕೂತರೂ ಬಲಕ್ಕೆ ಕೂತರೂ ಅವನ್ನು ಬದಲಿಸಬೇಕಾಗಿಲ್ಲ.

ಇನ್ನು ಮೂರನೆಯ ವ್ಯತ್ಯಾಸ. 1941ರಲ್ಲಿ ಪೆಟ್ರೋಲಿಗೆ ರೇಷನ್ ಬಂದಿತು. 1942ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾಗಿ, ಬರ್ಮಾದ ಎಣ್ಣೆಯೂ ನಿಂತಿತು. ನಮ್ಮ ಸಂಸ್ಥಾನದ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಗ್ಯಾಸಿನಿಂದ ಓಡತೊಡಗಿದ್ದು ಆಗಲೇ. ಹತ್ತಾರು ಸಾವಿರ ವಾಹನಗಳಿಗೆ ಒಲೆ ಕಟ್ಟಿದ ಸ್ವೀಡನ್ನಿನಂಥ ದೇಶಗಳ ಮುಂದೆ ನಮ್ಮದು ಸಣ್ಣ ಲೆಕ್ಕ. ಆದರೆ ಇದ್ದಿಲಿನ ವಿಷಯದಲ್ಲಿ ಶಿವಮೊಗ್ಗೆಯ ಸೀಮೆ ಯಾರಿಗೂ ಕಡಮೆಯಾಗಿರಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಿಂದ ಅದಿರು ಕರಗಿಸುತ್ತಿದ್ದುದು ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಿಲಿನಿಂದ.

ಕೆಲಸ ನಡೆಯುವ ಬಗೆ ಸರಳ. ಉದ್ದನೆಯ ಡ್ರಮ್ಮಿನಲ್ಲಿ ಇದ್ದಿಲು ತುಂಬಿ, ಗಾಳಿ ಸಾಲದಂತೆ ಉರಿಸಬೇಕು. ಆಗ ಹುಟ್ಟುವುದು ಕಾರ್ಬನ್ ಮೊನಾಕ್ಸೈಡ್. ಉಸಿರಿಗೆ ವಿಷ, ಇಂಜಿನ್ನಿಗೆ ಆಹಾರ. ಅದನ್ನು ತಣಿಸಿ, ಬೂದಿ ಸೋಸಿ, ಗಾಳಿ ಬೆರೆಸಿ ಇಂಜಿನ್ನಿಗೆ ಕೊಡಬೇಕು. ಹೊರಡುವ ಮುನ್ನ ಕೈಯಿಂದ ತಿರುಗಿಸುವ ತಿದಿಯಿಂದ ಬೆಂಕಿಯನ್ನು ಊದಿ ಎಬ್ಬಿಸಬೇಕು. ಕೊಳವೆಯ ಬಾಯಿಗೆ ಕಡ್ಡಿ ಗೀರಿದಾಗ ನೀಲಿ ಜ್ವಾಲೆ ನಿಂತರೆ ಗ್ಯಾಸು ಹದಕ್ಕೆ ಬಂದಂತೆ. ಶಕ್ತಿ ಮಾತ್ರ ಅರ್ಧಕ್ಕರ್ಧ ಇಳಿದುಹೋಗುತ್ತದೆ. ನಲವತ್ತು ಕುದುರೆಯ ಫೋರ್ಡು ಇಪ್ಪತ್ತು ಕುದುರೆಯದಾದರೆ ಮಲೆನಾಡಿನ ಏರಿನಲ್ಲಿ ಉಳಿದ ಕುದುರೆಗಳ ಕೆಲಸವನ್ನು ಒಳಗೆ ಕೂತವರೇ ಇಳಿದು ಮಾಡಬೇಕು.

ನಮ್ಮ ಫೋರ್ಡಿಗೂ ಇಂಥ ಒಲೆ ಕಟ್ಟಿದ್ದರೆಂದು ತಂದೆಯವರು ಹೇಳುತ್ತಿದ್ದರು. ಎಲ್ಲಿ ಕಟ್ಟಿದ್ದರೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಪರದೇಶದ ಚಿತ್ರಗಳಲ್ಲಿ ಸಾಮಾನ್ಯವಾಗಿ ಕಾಣುವಂತೆ ಕಾರಿನ ಹಿಂಬದಿಯಲ್ಲಿ ಡ್ರಮ್ಮು ನಿಲ್ಲಿಸಿದೆ. ವಿದ್ಯುತ್ ತಂತಿಯ ಕೊಳವೆಯ ತುಂಡು, ಹಾಲಿನ ಡಬ್ಬಿಯ ತಗಡು, ಇಂಜೆಕ್ಷನ್ ಸೂಜಿ, ಬೆಸುಗೆ ತಂತಿ. ಇಷ್ಟರಲ್ಲಿ ಒಲೆ, ಸೋಸುಗ, ಕೊಳವೆ ಎಲ್ಲವೂ ಆದವು. ಮೂರು ತಿಂಗಳ ಕೆಲಸ. ಹೆಮ್ಮೆಯಿಂದ ದೊಡ್ಡತ್ತೆಯ ಬಳಿಗೆ ಒಯ್ದೆ.

ದೊಡ್ಡತ್ತೆಗೆ ತೊಂಬತ್ತು ದಾಟಿದೆ. ಕಣ್ಣು ಮಂಜಾಗಿ, ಬೆಳಕು ನೆರಳು ಮಾತ್ರ ತಿಳಿಯುತ್ತದೆ. ಗಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳುಗಳಿಂದ ನಿಧಾನವಾಗಿ ತಡವಿದರು. ದೀಪ, ಗಾಜು, ಹೊದಿಕೆ ಒಂದೊಂದನ್ನೂ ಗುರುತು ಹಿಡಿದರು. ಆಮೇಲೆ ಎಡಗಡೆಯ ಮೆಟ್ಟುಹಲಗೆಯ ಮೇಲೆ ಕೈಯಿಟ್ಟು ಹಾಗೇ ನಿಲ್ಲಿಸಿಬಿಟ್ಟರು.

“ತಮಾ, ಒಲೆ ಎಲ್ಲೋ?”

“ಹಿಂದುಗಡೆ ಇದೆಯಲ್ಲ ಅತ್ತೆ.”

“ಹಿಂದುಗಡೆ ಅಡಿಕೆ ಮೂಟೆ ಕಟ್ಟುತ್ತಿದ್ದರು. ಒಲೆ ಇಲ್ಲಿತ್ತು. ಇಲ್ಲೇ ನಿಂತು ನಾನು ಹಿಡಿ ತಿರುಗಿಸುತ್ತಿದ್ದೆ. ಮುಚ್ಚಳ ನನ್ನ ಹಣೆಗೆ ಸರಿಯಾಗಿತ್ತು. ಈ ಎರಡು ಬಾಗಿಲು ತೆಗೆಯುವ ಹಾಗೇ ಇರಲಿಲ್ಲ. ಎಲ್ಲರೂ ಆ ಕಡೆಯಿಂದಲೇ ಹತ್ತಬೇಕು.”

ನಾನು ಬೆಪ್ಪಾದೆ. ಹತ್ತು ವರ್ಷದಿಂದ ನೋಡುತ್ತಿದ್ದ ಛಾಯಾಚಿತ್ರ ನನ್ನ ಜೇಬಿನಲ್ಲಿಯೇ ಇತ್ತು. ತೆಗೆದು ಮತ್ತೆ ನೋಡಿದೆ. ನಾಲ್ವರೂ ಬಲಮಗ್ಗುಲಿಗೆ ಒತ್ತಿ ನಿಂತದ್ದು ಛಾಯಾಗ್ರಾಹಕನ ಇಷ್ಟದಿಂದಲ್ಲ. ಎಡಮಗ್ಗುಲಿನಲ್ಲಿ ಮಸಿ ಹಿಡಿದ ಡ್ರಮ್ಮಿತ್ತು! ರೇಡಿಯೇಟರಿನ ಕೆಳಗೆ ಅಡ್ಡಲಾಗಿ ಒಂದು ಕಪ್ಪು ಗೆರೆಯಿದೆ. ಚಿತ್ರ ಮಡಿಸಿದ್ದರಿಂದ ಬಿದ್ದ ಗೆರೆಯೆಂದು ನಾನು ತಿಳಿದಿದ್ದೆ. ಅದು ಗ್ಯಾಸಿನ ಕೊಳವೆ. ‘ಎ’ ಮಾದರಿಯ ಇಂಜಿನ್ನಿನಲ್ಲಿ ಕಾರ್ಬ್ಯುರೇಟರು ಬಲಗಡೆಗಿದೆ. ಎಡಗಡೆಯ ಒಲೆಯಿಂದ ಅಲ್ಲಿಗೆ ಗ್ಯಾಸು ಹೋಗಬೇಕಾದರೆ ಎಲ್ಲಾದರೂ ದಾಟಲೇಬೇಕು. ಮುಂಭಾಗದಿಂದ ದಾಟಿಸಿದರೆ ಎದುರುಗಾಳಿಗೆ ತಣಿಯುತ್ತದೆ. ಅದನ್ನು ಹೀಗೆ ಕಟ್ಟಿದವನು ಯಾವ ಪುಸ್ತಕ ಓದಿದ್ದನೋ ಕಾಣೆ. ಹಂಡೆ ಬಡಿಯುವ ಕಂಚುಗಾರನೆಂದು ದೊಡ್ಡತ್ತೆ ಹೇಳಿದರು, ಹೆಸರು ನೆನಪಾಗಲಿಲ್ಲ. ಬೂದಿ ಸೋಸಲು ಡಬ್ಬಿಯೊಳಗೆ ಅಜ್ಜಿಯ ಹಳೆಯ ಸೀರೆಗಳನ್ನು ಹರಿದು ತುರುಕುತ್ತಿದ್ದರಂತೆ. “ನನ್ನ ಅಮ್ಮ ಯುದ್ಧಕ್ಕೆ ಕೊಟ್ಟದ್ದು ಅದೇ,” ಎಂದು ನಕ್ಕರು.

ಯುದ್ಧದ ಚರಿತ್ರೆಯನ್ನು ಬರೆದವರು ರೇಷನ್ನಿನ ಆಜ್ಞೆಯನ್ನು ಬರೆಯುತ್ತಾರೆ, ರಂಗೂನಿನ ಪತನವನ್ನು ಬರೆಯುತ್ತಾರೆ. ಡ್ರಮ್ಮು ಎಡಕ್ಕಿತ್ತೆ, ಹಿಂದಕ್ಕಿತ್ತೆ ಎಂದು ಅವರನ್ನು ಯಾರೂ ಕೇಳುವುದಿಲ್ಲ. ಹೇಳದಿದ್ದರೂ ಅವರ ಪುಸ್ತಕ ಮುಗಿಯುತ್ತದೆ. ನನ್ನ ಗಾಡಿ ಮುಗಿಯುವುದಿಲ್ಲ. ಎಲ್ಲಿಯಾದರೂ ಒಂದು ಕಡೆ ಅಂಟು ಹಾಕಲೇಬೇಕು. ಹಾಕಿದ ಮೇಲೆ ‘ಇರಬಹುದು’ ಎಂದು ತಪ್ಪಿಸಿಕೊಳ್ಳಲಾಗದು. ದೊಡ್ಡತ್ತೆಯ ಬೆರಳು ಇನ್ನೊಂದು ವರ್ಷ ತಡವಾಗಿದ್ದರೆ ಸುಳ್ಳು ಗಾಡಿಯೊಂದು ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ನಿಜವಾಗಿ ನಿಂತಿರುತ್ತಿತ್ತು.

ಅಂಟು ಬಿಡಿಸುವಾಗ ಹಿಂದಿನ ರೆಕ್ಕೆಯೊಂದು ಸೀಳಿತು, ಮತ್ತೆ ಮಾಡಿದೆ. ಒಲೆಯ ಎತ್ತರಕ್ಕೆ ಅಳತೆ ದೊಡ್ಡತ್ತೆಯ ಹಣೆಯೇ. ಛಾಯಾಚಿತ್ರದಲ್ಲಿ ಹುಡುಗಿಯ ಪಕ್ಕದಲ್ಲಿರುವ ಚಕ್ರದೊಂದಿಗೆ ಹೋಲಿಸಿ ಲೆಕ್ಕ ಹಾಕಿದರೆ ಅವರ ಎತ್ತರ ನಾಲ್ಕಡಿಯ ಸುಮಾರು; ಹಣೆಗೆ ನಾಲ್ಕಿಂಚು ಕಳೆದರೆ ನಲವತ್ತನಾಲ್ಕು ಇಂಚು. ಮೆಟ್ಟುಹಲಗೆಯ ಎತ್ತರವನ್ನೂ ಕಳೆದು, ಉಳಿದದ್ದನ್ನು ಹದಿನಾರರಿಂದ ಭಾಗಿಸಿ ಕೊಳವೆ ಕತ್ತರಿಸಿದೆ.

ಬಣ್ಣ ಉಳಿಯಿತು. ಕಪ್ಪುಬಿಳುಪಿನ ಚಿತ್ರವನ್ನು ನಂಬುವಂತಿಲ್ಲ. ಆ ಕಾಲದ ಎಷ್ಟೋ ಫಿಲ್ಮುಗಳಲ್ಲಿ ಕೆಂಪು ಕಪ್ಪಾಗಿಯೂ ನೀಲಿ ಬಿಳುಪಾಗಿಯೂ ಬೀಳುತ್ತಿತ್ತು. ಚಿಕ್ಕಪ್ಪ ಹಸಿರೆಂದರು. ದೊಡ್ಡತ್ತೆ, “ಒಳಗೆ ಯಾವ ಬಣ್ಣವೋ ಯಾರಿಗೆ ಗೊತ್ತು! ಮೇಲೆ ಯಾವಾಗಲೂ ಕೆಂಪುಧೂಳೇ,” ಎಂದರು. ಹಸಿರು ಬಳಿದೆ. ಕಳೆದ ಬೇಸಿಗೆ ಹೊನ್ನೆಮರಡಿಗೆ ಹೋಗಿ, ನೀರು ಬಿಟ್ಟುಕೊಟ್ಟ ಜಾಡಿನಿಂದ ಒಂದು ಹಿಡಿ ಮಣ್ಣು ತಂದು, ಒಣಗಿಸಿ, ಮಲ್ ಬಟ್ಟೆಯಲ್ಲಿ ಜಾಲಿಸಿ ಗಾಡಿಗೆ ತೂರಿದೆ. ರೆಕ್ಕೆಗಳ ಕೆಳಗೆ ಹೆಚ್ಚು, ಹೊದಿಕೆಯ ಮೇಲೆ ಕಡಮೆ. ಹಸಿರೋ ಅಲ್ಲವೋ ಎಂಬ ವ್ಯಾಜ್ಯ ಅದರಿಂದ ಸ್ವಲ್ಪ ತಗ್ಗಿದೆ.

ತಿದಿಯ ಹಿಡಿಯನ್ನು ಅಳತೆಗೆ ಸರಿಯಾಗಿ, ಕೂದಲಿನಷ್ಟು ಹಿತ್ತಾಳೆ ತಂತಿಯಲ್ಲಿ ಮಾಡಿದ್ದೆ. ದೊಡ್ಡತ್ತೆ ಅದನ್ನು ಹುಡುಕಿ ಹಿಡಿದು ತಿರುಗಿಸಹೋದರು, ಮುರಿಯಿತು. ಎರಡನೆಯದನ್ನು ದಪ್ಪ ತಂತಿಯಲ್ಲಿ ಮಾಡಿ, ತಿರುಗುವಂತೆ ಕೂರಿಸಿದ್ದೇನೆ. ಹದಿನಾರರಲ್ಲೊಂದರ ಲೆಕ್ಕಕ್ಕೆ ಅದು ತೀರ ದೊಡ್ಡದು, ಬಲ್ಲವರು ನೋಡಿದರೆ ನಕ್ಕಾರು. ನಾನು ಹೋದಾಗಲೆಲ್ಲ ದೊಡ್ಡತ್ತೆ ಗಾಡಿಯನ್ನು ಕೇಳಿ ತೊಡೆಯ ಮೇಲಿರಿಸಿಕೊಂಡು, ಎರಡು ಬೆರಳಿನಿಂದ ಆ ಹಿಡಿಯನ್ನು ತಿರುಗಿಸುತ್ತಾರೆ.