ಛಲ: ಪದದ ಅರ್ಥ ಮತ್ತು ಬಳಕೆ

ಛಲ (ನಾಮಪದ): ಹಿಡಿದ ಕಾರ್ಯವನ್ನು ಸಾಧಿಸದೆ ಬಿಡೆನೆಂಬ ದೃಢ ಸಂಕಲ್ಪ, ಸೋಲನ್ನು ಒಪ್ಪದ ಮನೋಧರ್ಮ. ಹಳಗನ್ನಡದಲ್ಲಿ ‘ಚಲ’ ಎಂಬ ರೂಪವಿದೆ. ಛಲವುಳ್ಳವನು ಛಲಗಾರ.

ಸಂಸ್ಕೃತದ ಅರ್ಥ

ಸಂಸ್ಕೃತದಲ್ಲಿ ಈ ಪದಕ್ಕೆ ಮೋಸ, ಕಪಟ, ನೆಪ ಎಂಬ ಅರ್ಥಗಳು ಪ್ರಧಾನವಾಗಿವೆ. ಗೌತಮನ ನ್ಯಾಯಸೂತ್ರಗಳು ಹೇಳುವ 16 ಪದಾರ್ಥಗಳಲ್ಲಿ ಛಲವೂ ಒಂದು. ಎದುರಾಳಿಯ ಮಾತಿಗೆ ಅವನು ಉದ್ದೇಶಿಸದ ಅರ್ಥವನ್ನು ಹಚ್ಚಿ ವಾದವನ್ನು ಮುರಿಯುವುದೇ ಅಲ್ಲಿನ ಛಲ. ‘ನವಕಂಬಳ’ ಎಂದು ಒಬ್ಬನು ಹೊಸ ಕಂಬಳಿಯನ್ನು ಕುರಿತು ಹೇಳಿದರೆ, ‘ಒಂಬತ್ತು ಕಂಬಳಿಗಳೆಲ್ಲಿವೆ?’ ಎಂದು ಕೇಳುವುದು ಇದಕ್ಕೆ ಪ್ರಸಿದ್ಧ ಉದಾಹರಣೆ.

ಕನ್ನಡದ ಅರ್ಥ

ಕನ್ನಡದಲ್ಲಿ ಈ ಪದವು ಬೇರೆ ಹಾದಿ ಹಿಡಿದು ಒಂದು ಗುಣದ ಹೆಸರಾಯಿತು. 10ನೆಯ ಶತಮಾನದ ಪಂಪನು ‘ವಿಕ್ರಮಾರ್ಜುನ ವಿಜಯ’ದ ಕೊನೆಯಲ್ಲಿ ಭಾರತದ ವೀರರನ್ನು ಒಂದೊಂದು ಗುಣದಿಂದ ನೆನೆಯುವಾಗ ಕರ್ಣನಿಗೆ ಸತ್ಯವನ್ನೂ ದುರ್ಯೋಧನನಿಗೆ ಛಲವನ್ನೂ ಸಲ್ಲಿಸುತ್ತಾನೆ. 12ನೆಯ ಶತಮಾನದಲ್ಲಿ ಬಸವಣ್ಣನವರು ಪರಧನವನ್ನು ಬಯಸದಿರುವ ಛಲ ಶರಣನಿಗೆ ಬೇಕೆಂದರು. ರಣರಂಗದ ಗುಣವೊಂದು ಹೀಗೆ ನಿತ್ಯಜೀವನದ ನಡತೆಗೂ ಅಳತೆಯಾಯಿತು. ಬೇತಾಳ ಕಥೆಗಳ ರಾಜನಿಂದ ಬಂದ ‘ಛಲ ಬಿಡದ ತ್ರಿವಿಕ್ರಮ’ ಎಂಬ ನುಡಿಗಟ್ಟು ಇಂದಿಗೂ ಬಳಕೆಯಲ್ಲಿದೆ.

ಸಮೀಪದ ಪದಗಳು

ಹಠ: ಸಂಸ್ಕೃತದಲ್ಲಿ ಬಲಾತ್ಕಾರ ಎಂದರ್ಥ, ‘ಹಠಾತ್’ ಇದರದೇ ರೂಪ. ಮಗು ಹಠ ಮಾಡುತ್ತದೆ, ಛಲ ಮಾಡುವುದಿಲ್ಲ. ಛಲವನ್ನು ತೊಡುತ್ತಾರೆ ಅಥವಾ ಸಾಧಿಸುತ್ತಾರೆ.

ಮೊಂಡುತನ: ಹರಿತವಿಲ್ಲದ ಕತ್ತಿ ಮೊಂಡು, ತಿಳಿಹೇಳಿದರೂ ನಾಟದ ಬುದ್ಧಿಯೂ ಮೊಂಡು. ಇದು ನಿಂದೆಯ ಮಾತು.

ಪಟ್ಟು: ಕುಸ್ತಿಯ ಹಿಡಿತ. ‘ಪಟ್ಟು ಹಿಡಿದು ಕುಳಿತರು’ ಎಂಬುದರಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ.

ಜಿದ್ದು: ‘ವಿರುದ್ಧ’ ಎಂಬರ್ಥದ ಅರಬ್ಬಿ ಮೂಲದ ಪದ. ಕನ್ನಡದಲ್ಲಿ ಇದಕ್ಕೆ ಪೈಪೋಟಿ, ಹಗೆತನದ ಛಾಯೆಯಿದೆ.

ಹೊರನಾಡಿನಲ್ಲಿ

ನೆರೆಯ ಭಾಷೆಗಳಲ್ಲಿ ಇವೇ ಪದಗಳ ಬೆಲೆ ಬದಲಾಗುತ್ತದೆ. ಮರಾಠಿಯ ‘ಜಿದ್ದ’ ಮೆಚ್ಚುಗೆಗೆ ಪಾತ್ರವಾದ ಗುಣ, ಹೆಚ್ಚುಕಡಿಮೆ ನಮ್ಮ ಛಲವೇ. ಅಲ್ಲಿ ‘ಛಳ’ ಎಂದರೆ ಪೀಡನೆ. ಹಿಂದಿಯ ‘ಛಲ್’ ಸಂಸ್ಕೃತದಂತೆ ಕಪಟವನ್ನೇ ಸೂಚಿಸುತ್ತದೆ. ತಮಿಳಿನ ‘ಪಿಡಿವಾದಂ’ ಎಂಬುದರ ‘ಪಿಡಿ’ ನಮ್ಮ ‘ಹಿಡಿ’ಯೇ, ತೆಲುಗಿನ ‘ಪಟ್ಟುದಲ’ ನಮ್ಮ ಪಟ್ಟಿನ ಬಂಧು.

ಆದುದರಿಂದ ದೆಹಲಿಯಲ್ಲಿ ಬೆಳೆದ ಮಗುವಿಗೆ ‘ದುರ್ಯೋಧನನ ಛಲ’ ಎಂದೊಡನೆ ಕಪಟದ್ಯೂತವೇ ನೆನಪಾಗುವುದು ಸಹಜ. ಆ ಅರ್ಥ ಕಥೆಗೂ ಹೊಂದಿಕೊಳ್ಳುವುದರಿಂದ ತಪ್ಪು ಯಾರ ಗಮನಕ್ಕೂ ಬರುವುದಿಲ್ಲ. ಪಂಪನ ಮೆಚ್ಚುಗೆ ಹೀಗೆ ದೂಷಣೆಯಾಗಿಬಿಡುತ್ತದೆ. ಪದ ಪರಿಚಿತವೆನಿಸಿದಾಗ ನಿಘಂಟನ್ನು ತೆರೆಯುವವರು ಕಡಿಮೆ. ಇಂತಹ ಅರ್ಥಭೇದವನ್ನು ಮಕ್ಕಳಿಗೆ ಮನೆಮಾತಿನಲ್ಲೇ ತಿಳಿಸಬೇಕು. ಅಂಗಡಿಯ ಮುಂದೆ ಆಟಿಕೆಗಾಗಿ ಅತ್ತರೆ ‘ಹಠ ಮಾಡಬೇಡ’ ಎನ್ನೋಣ. ಬಾರದ ಲೆಕ್ಕವನ್ನು ಮತ್ತೆ ಮತ್ತೆ ಮಾಡಿ ಗೆದ್ದರೆ ‘ಛಲಗಾರ’, ‘ಛಲಗಾತಿ’ ಎಂದು ಬೆನ್ನು ತಟ್ಟೋಣ.